ಒಂದೇ ಬೆಂಚಿನವರು

ಬೆಂಗಳೂರಿನಿಂದ ಪೂರ್ವದಿಕ್ಕಿಗೆ ಹೊರಟ ಪ್ರಯಾಣಿಕನಿಗೆ ಕೋಲಾರವು ಮೊದಲು ಊರಾಗಿ ಕಾಣಿಸುವುದಿಲ್ಲ, ಬೆಟ್ಟವಾಗಿ ಕಾಣಿಸುತ್ತದೆ. ಯಾರೋ ಬಿಡುವಿನಲ್ಲಿ ಒಂದರ ಮೇಲೊಂದು ಪೇರಿಸಿಟ್ಟಂತಿರುವ ಹೆಬ್ಬಂಡೆಗಳ ಶತಶೃಂಗ ಪರ್ವತ. ಅದರ ಮಗ್ಗುಲಲ್ಲಿ ಅಂತರಗಂಗೆ. ಮೆಟ್ಟಿಲುಗಳನ್ನು ಏರಿದರೆ ಕಾಶಿ ವಿಶ್ವೇಶ್ವರನ ಗುಡಿ, ಅದರ ಮುಂದೆ ಕಲ್ಯಾಣಿ, ಕಲ್ಲಿನ ಬಸವನ ಬಾಯಿಂದ ಸಣ್ಣಗೆ ಬೀಳುವ ನೀರು. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಸೀಮೆಯಲ್ಲಿ ಈ ಸಣ್ಣ ಧಾರೆಗೆ ಗಂಗೆಯೆಂದು ಹೆಸರಿಟ್ಟವರನ್ನು ಯಾರೂ ತಪ್ಪೆನ್ನಲಾರರು.

ಭಾನುವಾರದ ಬೆಳಿಗ್ಗೆ ಈ ಮೆಟ್ಟಿಲುಗಳ ಮೇಲೆ ಹರಕೆಯವರು, ಹುಡುಗರು, ಕೋತಿಗಳು ಇವರ ನಡುವೆ ಇನ್ನೊಂದು ಬಗೆಯ ಜನರನ್ನು ಕಾಣಬಹುದು. ಐವತ್ತು ದಾಟಿದವರು, ತಲೆ ನರೆತು, ಹೊಟ್ಟೆ ಸ್ವಲ್ಪ ಮುಂದೆ ಬಂದು, ಪ್ರತಿ ಇಪ್ಪತ್ತು ಮೆಟ್ಟಿಲಿಗೊಮ್ಮೆ ‘ನೋಟ ಚೆನ್ನಾಗಿದೆ’ ಎಂಬ ನೆಪದಲ್ಲಿ ನಿಂತು ಉಸಿರು ತೆಗೆದುಕೊಳ್ಳುವವರು. ಒಬ್ಬರು ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು, ಒಬ್ಬರು ವಕೀಲರು, ಇನ್ನೊಬ್ಬರು ಬ್ಯಾಂಕಿನವರು, ಮತ್ತೊಬ್ಬರು ತೋಟದವರು. ಊರಿನಲ್ಲಿ ಇವರೆಲ್ಲ ‘ಸಾರ್’, ‘ಸ್ವಾಮಿ’, ‘ಗೌಡರೆ’. ಇಲ್ಲಿ ಮಾತ್ರ ಎಲ್ಲರೂ ‘ಲೇ’, ‘ಏರಾ’. ಹೆಸರುಗಳನ್ನು ಹೇಳಬೇಕಾದ ಅಗತ್ಯವಿಲ್ಲ. ಇಂಥ ಬಳಗಗಳು ಕೋಲಾರದಲ್ಲಿಯೂ ಉಂಟು, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿಯೂ ಉಂಟು. ಮೂವತ್ತು ಮೂವತ್ತೈದು ವರ್ಷಗಳ ಹಿಂದೆ ಒಂದೇ ಕಾಲೇಜಿನ ಒಂದೇ ಕೊಠಡಿಯಲ್ಲಿ ಕುಳಿತಿದ್ದವರು, ಬದುಕು ಅವರನ್ನು ನಾಲ್ಕು ದಿಕ್ಕಿಗೆ ಎಸೆದ ಬಳಿಕ, ಮಧ್ಯವಯಸ್ಸಿನ ಬಾಗಿಲಲ್ಲಿ ಮತ್ತೆ ಒಬ್ಬರನ್ನೊಬ್ಬರು ಹುಡುಕಿಕೊಂಡು ಬರುತ್ತಾರೆ.

ಹೀಗೆ ಹುಡುಕಿ ಬರುವುದಕ್ಕೆ ಕಾರಣವೇನು? ಹಳೆಯ ನೆನಪಿನ ಚಪಲವೆಂದು ತಳ್ಳಿಹಾಕುವವರಿದ್ದಾರೆ. ಆದರೆ ಮೆಟ್ಟಿಲಿನ ಮೇಲೆ ಕುಳಿತವರ ಮಾತಿಗೆ ಸ್ವಲ್ಪ ಹೊತ್ತು ಕಿವಿಗೊಟ್ಟರೆ ನೆನಪಿನ ಪಾಲು ಬೇಗ ಮುಗಿಯುತ್ತದೆ. ಯಾವ ಮೇಷ್ಟರು ಯಾವ ಅಡ್ಡಹೆಸರಿನಿಂದ ಪ್ರಸಿದ್ಧರಾಗಿದ್ದರು, ಯಾರು ಯಾರ ಉತ್ತರವನ್ನು ನೋಡಿ ಬರೆದರು ಎಂಬುದೆಲ್ಲ ಕಾಲು ಗಂಟೆಯ ಮಾತು. ಆಮೇಲೆ ಬರುವುದು ಸಕ್ಕರೆ ಕಾಯಿಲೆ, ಮಗಳ ಮದುವೆ, ಬತ್ತಿದ ಕೊಳವೆಬಾವಿ, ಹಾಸಿಗೆ ಹಿಡಿದ ತಾಯಿ, ಇನ್ನೆರಡು ವರ್ಷಕ್ಕೆ ಬರುವ ನಿವೃತ್ತಿ. ತಂದೆತಾಯಿಗಳು ತೀರಿಕೊಂಡ ಮೇಲೆ ಮನುಷ್ಯನನ್ನು ಏಕವಚನದಲ್ಲಿ ಕರೆಯುವವರು ಲೋಕದಲ್ಲಿ ಕೆಲವರೇ ಉಳಿಯುತ್ತಾರೆ. ಆ ಕೆಲವರ ಎದುರಿಗೆ ಗೌರವದ ಅಂಗಿಯನ್ನು ಕಳಚಿಟ್ಟು ‘ಕೈಲಾಗುತ್ತಿಲ್ಲ ಕಣೋ’ ಎಂದು ಹೇಳಬಹುದು. ಹೆಂಡತಿಗೆ ಹೇಳಿದರೆ ಗಾಬರಿ, ಮಕ್ಕಳಿಗೆ ಹೇಳಿದರೆ ಹೊರೆ, ಅಣ್ಣತಮ್ಮಂದಿರಿಗೆ ಹೇಳಿದರೆ ಆಸ್ತಿಯ ಪ್ರಶ್ನೆ. ಸಹಪಾಠಿಗೆ ಹೇಳಿದರೆ ಇವು ಮೂರೂ ಇಲ್ಲ.

ಕೋಲಾರ ಹಳೆಯ ಊರು. ಗಂಗರ ಮೊದಲ ರಾಜಧಾನಿಯೆಂದು ಹೆಸರಾದ ಕುವಲಾಲಪುರ ಇದೇ. ಕೋಲಾರಮ್ಮನ ಗುಡಿಯಲ್ಲಿ ಚೋಳರ ಕಾಲದ ಶಾಸನಗಳಿವೆ. ಸೋಮೇಶ್ವರ ದೇವಾಲಯದ ಕಲ್ಯಾಣಮಂಟಪದ ಕಂಬಗಳನ್ನು ನೋಡುವುದಕ್ಕೆ ಅರ್ಧ ದಿನ ಸಾಲದು. ಆದರೆ ಕಾಲೇಜು ವಿದ್ಯೆ ಈ ಸೀಮೆಗೆ ತಡವಾಗಿ ಬಂದಿತು. ಹಿಂದಿನ ಕಾಲದಲ್ಲಿ ಬಿ.ಎ. ಓದಬೇಕೆಂದ ಹುಡುಗನು ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿಗೋ ಮೈಸೂರಿಗೋ ಹೋಗಬೇಕಾಗಿತ್ತು. 1858ರಲ್ಲಿ ಬೆಂಗಳೂರು ಹೈಸ್ಕೂಲೆಂದು ಆರಂಭವಾಗಿ 1875ರಲ್ಲಿ ಸೆಂಟ್ರಲ್ ಕಾಲೇಜ್ ಎಂಬ ಹೆಸರನ್ನು ಪಡೆದ ವಿದ್ಯಾಸಂಸ್ಥೆಯೇ ಈ ಭಾಗದ ಹುಡುಗರ ಕಾಶಿ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟುವವರೆಗೂ ಅಲ್ಲಿನ ಪದವಿ ಮದರಾಸು ವಿಶ್ವವಿದ್ಯಾನಿಲಯದ್ದು. ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ ಕಿರುಹಳಿಯ ರೈಲು ಬಂದದ್ದು 1913ರಲ್ಲಿ. ಅದಕ್ಕೆ ಮುಂಚೆ ಎತ್ತಿನ ಗಾಡಿಯೇ ಗತಿ. ಮನೆಯನ್ನು ಬಿಟ್ಟು ಅಷ್ಟು ದೂರ ಹೋಗಿ ಒಂದೇ ಕೋಣೆಯಲ್ಲಿ ಬೇಯಿಸಿಕೊಂಡು, ಒಂದೇ ದೀಪದಲ್ಲಿ ಓದಿದವರ ನಡುವೆ ಎಂಥ ನಂಟು ಬೆಳೆದೀತೆಂಬುದನ್ನು ಊಹಿಸುವುದು ಕಷ್ಟವಲ್ಲ. ಈಗ ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿಯೂ ಸರಕಾರಿ ಪದವಿ ಕಾಲೇಜುಗಳಿವೆ. ಕೋಲಾರದ ಹೊರವಲಯದ ಟಮಕದಲ್ಲಿ ವೈದ್ಯಕೀಯ ಕಾಲೇಜೂ ಉಂಟು. ಹುಡುಗರು ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆಗೆ ಮನೆ ಸೇರುತ್ತಾರೆ. ಆದರೂ ನಂಟು ಸಡಿಲವಾದಂತೆ ಕಾಣುವುದಿಲ್ಲ. ಬಸ್ಸಿನ ಹಿಂದಿನ ಸೀಟು ಹಳೆಯ ಕಾಲದ ಬಾಡಿಗೆ ಕೋಣೆಯ ಕೆಲಸವನ್ನೇ ಮಾಡುತ್ತದೆ.

ಕೋಲಾರದಿಂದ ನೈಋತ್ಯಕ್ಕೆ ಮಾಲೂರು. ದಾರಿಯಲ್ಲಿ ಹಿಪ್ಪುನೇರಳೆಯ ಹೊಲಗಳು, ನೀಲಗಿರಿ ತೋಪುಗಳು, ಹೂವಿನ ತೋಟಗಳು. ಮಲ್ಲಿಕಾಪುರವೆಂಬುದೇ ಮಾಲೂರಾಯಿತೆಂದು ಊರಿನವರು ಹೇಳುತ್ತಾರೆ. ಬೆಳಗಿನ ಜಾವದಲ್ಲಿ ಬೆಂಗಳೂರಿನ ಮಾರುಕಟ್ಟೆಗೆ ಹೊರಡುವ ಹೂವಿನ ಮೂಟೆಗಳನ್ನು ಕಂಡವರಿಗೆ ಆ ಮಾತನ್ನು ಅಲ್ಲಗಳೆಯುವ ಮನಸ್ಸಾಗದು. ಹಂಚಿನ ಕಾರ್ಖಾನೆಗಳಿಂದ, ಇಟ್ಟಿಗೆ ಗೂಡುಗಳಿಂದ ಹೆಸರಾದ ಊರು ಇದು. ಜೋಲಾರಪೇಟೆಯಿಂದ ಬೆಂಗಳೂರಿಗೆ ರೈಲು 1864ರಲ್ಲಿಯೇ ಓಡಿದ್ದರಿಂದ ಮಾಲೂರಿಗೆ ಕೋಲಾರಕ್ಕಿಂತ ಅರ್ಧ ಶತಮಾನ ಮೊದಲೇ ಹೊರಲೋಕದ ಪರಿಚಯವಾಯಿತು. ಈಗಲೂ ನಸುಕಿನ ರೈಲುಗಳಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿದ ಮೇಲೆ ಕೆ.ಜಿ.ಎಫ್.ನಿಂದ ಬೆಂಗಳೂರಿಗೆ ದಿನವೂ ದುಡಿಯಲು ಹೋಗುವವರ ಸಂಖ್ಯೆ ಬೆಳೆಯಿತು. ಮಾಲೂರಿನವರು ಆ ಜನಸಂದಣಿಯೊಳಗೆ ತೂರಿಕೊಳ್ಳಬೇಕು. ಗಣಿಯ ಕೆಲಸವನ್ನೇ ನಂಬಿದ್ದವರು ನಲವತ್ತರ ವಯಸ್ಸಿನಲ್ಲಿ ಹೊಸದಾಗಿ ಬದುಕು ಆರಂಭಿಸಬೇಕಾಗಿ ಬಂದ ದಿನಗಳಲ್ಲಿ ಕಾವಲುಗಾರನ ಕೆಲಸಕ್ಕೆ, ಕಾರ್ಖಾನೆಯ ಕೆಲಸಕ್ಕೆ ‘ಒಂದು ಮಾತು ಹೇಳಿ’ ಸೇರಿಸಿದವರು ಅನೇಕ ವೇಳೆ ಅದೇ ರೈಲಿನಲ್ಲಿ ಮೊದಲಿನಿಂದ ಓಡಾಡುತ್ತಿದ್ದ ಹಳೆಯ ಸ್ನೇಹಿತರು.

ಮಾಲೂರಿನ ನೆರೆಯ ತಾಲ್ಲೂಕು ಹೊಸೂರು. ಈಗ ಅದು ತಮಿಳುನಾಡಿಗೆ ಸೇರಿದ್ದು. ಆದರೆ ಅಲ್ಲಿನ ಹಳ್ಳಿಗಳಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಜಗಲಿಯ ಮೇಲೆ ಕೂರುತ್ತವೆ. ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ 1878ರ ಡಿಸೆಂಬರ್ 10ರಂದು ಹುಟ್ಟಿದ ಹುಡುಗನೊಬ್ಬನು ಎಳವೆಯಲ್ಲಿಯೇ ಬೆಂಗಳೂರಿಗೆ ಬಂದು ಸೆಂಟ್ರಲ್ ಕಾಲೇಜನ್ನು ಸೇರಿದನು. ಅವನೇ ಮುಂದೆ ಭಾರತದ ಗವರ್ನರ್ ಜನರಲ್ ಆದ ಚಕ್ರವರ್ತಿ ರಾಜಗೋಪಾಲಾಚಾರಿ. ಆ ತರಗತಿಯಲ್ಲಿ ಅವನಿಗಿಂತ ಒಂದು ವರ್ಷ ಹಿರಿಯನಾದ ಇನ್ನೊಬ್ಬ ಹುಡುಗನಿದ್ದನು: ನವರತ್ನ ರಾಮರಾವ್. ಇಬ್ಬರೂ ಟೇಟ್ ಎಂಬ ಆಂಗ್ಲ ಅಧ್ಯಾಪಕರ ಶಿಷ್ಯರು, ಇಬ್ಬರಿಗೂ ಸಾಹಿತ್ಯದ ಹುಚ್ಚು. ಕಾಲೇಜಿನ ಗೆಳೆತನಗಳಲ್ಲಿ ಹೆಚ್ಚಿನವು ಪದವಿಪತ್ರದ ಮಸಿ ಒಣಗುವ ಮೊದಲೇ ಒಣಗುತ್ತವೆ. ಇವರದು ಅರವತ್ತು ವರ್ಷಗಳಿಗಿಂತ ಹೆಚ್ಚು ಬಾಳಿತು.

ಇದರಲ್ಲಿ ವಿಶೇಷವೇನೆಂದರೆ, ಇವರಿಬ್ಬರನ್ನು ದೂರ ಮಾಡಬಲ್ಲ ಕಾರಣಗಳಿಗೆ ಕೊರತೆಯೇ ಇರಲಿಲ್ಲ. ಒಬ್ಬರು ಸೇಲಂನಲ್ಲಿ ಹೆಸರಾಂತ ವಕೀಲರಾದರು. ಇನ್ನೊಬ್ಬರು ಮೈಸೂರು ಸರ್ಕಾರದ ಸೇವೆಗೆ ಸೇರಿ ಅಮಲ್ದಾರರಾಗಿ ಊರೂರು ಸುತ್ತಿದರು. ಆಮೇಲೆ ರಾಮರಾಯರು ರೇಷ್ಮೆ ಇಲಾಖೆಯ ಹೊಣೆಯನ್ನು ಹೊತ್ತರು. ಮಾಲೂರು, ಶ್ರೀನಿವಾಸಪುರಗಳ ಹಿಪ್ಪುನೇರಳೆ ಹೊಲಗಳನ್ನು ನೋಡುವಾಗ ಅವರನ್ನು ನೆನೆಯುವುದು ನ್ಯಾಯ. ರಾಜಾಜಿಯವರ ಪತ್ನಿ ಅಲಮೇಲು ಮಂಗಮ್ಮ ತೀರಿಕೊಂಡಾಗ ಅವರಿಗೆ ಇನ್ನೂ ನಲವತ್ತು ತುಂಬಿರಲಿಲ್ಲ. ಮನೆಯಲ್ಲಿ ತಾಯಿಯಿಲ್ಲದ ಐದು ಮಕ್ಕಳು. ಅವರು ಮರುಮದುವೆಯಾಗಲಿಲ್ಲ. ಕೆಲವೇ ವರ್ಷಗಳಲ್ಲಿ ವಕೀಲಿಯನ್ನೂ ಬಿಟ್ಟು ಗಾಂಧೀಜಿಯ ಹಿಂದೆ ಹೊರಟರು. 1921ರ ಡಿಸೆಂಬರಿನಲ್ಲಿ ವೇಲೂರು ಸೆರೆಮನೆಯನ್ನು ಸೇರಿದರು. ಸ್ನೇಹಿತರಲ್ಲಿ ಒಬ್ಬರು ಸೆರೆಯಲ್ಲಿ, ಇನ್ನೊಬ್ಬರು ಮಹಾರಾಜರ ಸರ್ಕಾರದ ಅಧಿಕಾರಿ. ಆ ಕಾಲದಲ್ಲಿ ಅಧಿಕಾರಿಗೆ ಇಂಥ ಗೆಳೆತನವೇನೂ ಭೂಷಣವಾಗಿರಲಿಲ್ಲ. ಜಾಣರಾದವರು ಮೆಲ್ಲನೆ ಪತ್ರವ್ಯವಹಾರ ನಿಲ್ಲಿಸಿ, ಗೋಡೆಯ ಮೇಲಿನ ಚಿತ್ರವನ್ನು ಒಳಗಿಡುತ್ತಿದ್ದರು. ರಾಮರಾಯರು ಹಾಗೆ ಜಾಣರಾಗಲಿಲ್ಲ. ಪತ್ರಗಳು ನಡೆದೇ ನಡೆದವು. ರಾಜಾಜಿಯವರ ಜೀವನವನ್ನು ಬರೆದವರು ಅವರ ಅಂತರಂಗವನ್ನು ತಿಳಿಯಲು ಮತ್ತೆ ಮತ್ತೆ ಮೊರೆಹೋದದ್ದು ಈ ಸಹಪಾಠಿಗೆ ಬರೆದ ಕಾಗದಗಳಿಗೆ. ರಾಜಕೀಯದಲ್ಲಿ ಕಬ್ಬಿಣದಂಥ ಮನುಷ್ಯನೆಂದು ಹೆಸರಾದವರು, ಹೇಳಿಕೊಳ್ಳಬೇಕಾದುದನ್ನು ಹೇಳಿಕೊಳ್ಳಲು ಹಳೆಯ ಬೆಂಚಿನ ಕಡೆಗೇ ತಿರುಗಿದರು.

ವಯಸ್ಸಾದ ಮೇಲೆ ಈ ಸ್ನೇಹ ಇನ್ನೊಂದು ರೂಪವನ್ನು ತಾಳಿತು. ರಾಜಾಜಿ ತಮಿಳಿನಲ್ಲಿ ಬರೆದ ಮಹಾಭಾರತದ ಕಥೆಗಳನ್ನು ಇಂಗ್ಲಿಷಿಗೆ ತರುವ ಕೆಲಸದಲ್ಲಿ ರಾಮರಾಯರು ನೆರವಾದರು. ಎಪ್ಪತ್ತು ದಾಟಿದ ಇಬ್ಬರು ಸಹಪಾಠಿಗಳು, ಹದಿನೈದರ ವಯಸ್ಸಿನಲ್ಲಿ ಒಬ್ಬರ ಪ್ರಬಂಧವನ್ನು ಇನ್ನೊಬ್ಬರು ತಿದ್ದಿದಂತೆಯೇ, ಮತ್ತೆ ಪುಟಗಳ ಮೇಲೆ ಬಾಗಿದ್ದನ್ನು ಕಲ್ಪಿಸಿಕೊಂಡರೆ ಮನಸ್ಸಿಗೆ ಹಿತವಾಗುತ್ತದೆ. ರಾಮರಾಯರು ತಮ್ಮ ಅಮಲ್ದಾರಿಕೆಯ ದಿನಗಳನ್ನು ‘ಕೆಲವು ನೆನಪುಗಳು’ ಎಂಬ ಪುಸ್ತಕವಾಗಿ ಕನ್ನಡಿಗರಿಗೆ ಕೊಟ್ಟದ್ದು 1954ರಲ್ಲಿ. ಆಗ ಅವರ ವಯಸ್ಸು 77. ನಿವೃತ್ತಿಯೆಂದರೆ ಕುರ್ಚಿಯಲ್ಲಿ ಕುಳಿತು ಗಡಿಯಾರ ನೋಡುವುದೆಂದು ತಿಳಿದವರು ಆ ಪುಸ್ತಕವನ್ನು ಓದಬೇಕು. 1960ರಲ್ಲಿ ಅವರು ತೀರಿಕೊಂಡರು. ರಾಜಾಜಿಯವರು ಆಮೇಲೆ ಹನ್ನೆರಡು ವರ್ಷ ಬದುಕಿದರು, 1972ರ ಡಿಸೆಂಬರ್ 25ರವರೆಗೆ. ಸುತ್ತಲೂ ಭಕ್ತರು, ವಿರೋಧಿಗಳು, ಪತ್ರಿಕೆಯವರು ಯಾವಾಗಲೂ ಇದ್ದರು. ಸೆಂಟ್ರಲ್ ಕಾಲೇಜಿನ ಹುಡುಗನನ್ನು ಬಲ್ಲವನು ಮಾತ್ರ ಇರಲಿಲ್ಲ.

ಮಾಲೂರು ತಾಲ್ಲೂಕಿನ ಇನ್ನೊಂದು ಮೂಲೆಯಲ್ಲಿ ಮಾಸ್ತಿ ಗ್ರಾಮವಿದೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಬೆಳೆದ ಮನೆ ಈಗ ಗ್ರಂಥಾಲಯ. 1914ರಲ್ಲಿ ಮದರಾಸಿನ ಎಂ.ಎ. ಪದವಿ ಪಡೆದು ಮೈಸೂರು ಸರ್ಕಾರದ ಸೇವೆಗೆ ಸೇರಿದ ಮಾಸ್ತಿಯವರು, ತಮಗಿಂತ ಕಿರಿಯರೊಬ್ಬರನ್ನು ಮಂತ್ರಿಪದವಿಗೆ ಏರಿಸಿದಾಗ ರಾಜೀನಾಮೆ ಕೊಟ್ಟು ಹೊರಬಂದ ಕತೆಯನ್ನು ಈ ಕಡೆಯ ನೌಕರರು ಇಂದಿಗೂ ಹೇಳುತ್ತಾರೆ. ಹೇಳುವಾಗ ಅವರ ದನಿ ಸ್ವಲ್ಪ ಏರುತ್ತದೆ. ಆಗ ಮಾಸ್ತಿಯವರಿಗೆ ಐವತ್ತು ದಾಟಿತ್ತು. ಇನ್ನು ಕೆಲವು ವರ್ಷ ಸುಮ್ಮನಿದ್ದಿದ್ದರೆ ಸಂಬಳವೂ ಗೌರವವೂ ಇದ್ದೇ ಇದ್ದವು. ಆ ವಯಸ್ಸಿನಲ್ಲಿ ಬಾಗಿಲು ಮುಚ್ಚಿಕೊಂಡು ಹೊರಬರುವವನಿಗೆ, ಹೊರಗೆ ಯಾರೋ ಕಾದಿದ್ದಾರೆಂಬ ಧೈರ್ಯ ಬೇಕು. ಮಾಸ್ತಿಯವರಿಗೆ ಅಂಥವರಿದ್ದರು, ಕನ್ನಡ ನಾಡಿನ ಉದ್ದಕ್ಕೂ, ಧಾರವಾಡದ ಗೆಳೆಯರ ಗುಂಪಿನವರೆಗೂ, ಅವರನ್ನು ಅಣ್ಣನೆಂದು ಕಂಡ ಲೇಖಕರಿದ್ದರು. ‘ಜೀವನ’ ಪತ್ರಿಕೆಯನ್ನು ಅವರು ವಹಿಸಿಕೊಂಡು ಎರಡು ದಶಕಗಳ ಕಾಲ ನಡೆಸಿದ್ದು ಆ ನಂತರದ ಬದುಕಿನಲ್ಲಿ. ಜ್ಞಾನಪೀಠ ಪ್ರಶಸ್ತಿಯನ್ನು ತಂದ ‘ಚಿಕವೀರ ರಾಜೇಂದ್ರ’ ಕೂಡ ಆ ನಂತರದ್ದೇ. ಪದವಿ ತಪ್ಪಿದ್ದು ಸಾಹಿತ್ಯಕ್ಕೆ ಲಾಭವಾಯಿತೆಂದು ಹೇಳುವುದು ಸುಲಭ. ಆ ದಿನ ಮನೆಗೆ ನಡೆದುಬಂದವರಿಗೆ ಅದು ತಿಳಿದಿರಲಿಲ್ಲವೆಂಬುದನ್ನು ಮರೆಯಬಾರದು.

ಮುಳಬಾಗಿಲಿಗೆ ಹೋಗಬೇಕಾದರೆ ಮತ್ತೆ ಕೋಲಾರದ ಮೇಲೆ ಹಾಯ್ದು ಮದರಾಸಿನ ಹೆದ್ದಾರಿಯನ್ನು ಹಿಡಿಯಬೇಕು. ಮೂಡಲ ಬಾಗಿಲು ಎಂಬುದೇ ಮುಳಬಾಗಿಲು. ಊರಿನ ಆಂಜನೇಯನನ್ನು ಅರ್ಜುನನು ಪ್ರತಿಷ್ಠಿಸಿದನೆಂದು ಪ್ರತೀತಿ. ಸಮೀಪದ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಬೃಂದಾವನ. ಕುರುಡುಮಲೆಯಲ್ಲಿ ಒಂದೇ ಕಲ್ಲಿನ ಬೃಹತ್ ಗಣಪತಿ. ಆವನಿಯಲ್ಲಿ ನೊಳಂಬರ ಕಾಲದ ಗುಡಿಗಳು. ಹೈದರ್ ವಲಿ ದರ್ಗಾಕ್ಕೆ ಎಲ್ಲ ಮತದವರೂ ನಡೆದುಕೊಳ್ಳುತ್ತಾರೆ. ಇಷ್ಟೆಲ್ಲ ಇದ್ದರೂ ಹೆದ್ದಾರಿಯ ಪ್ರಯಾಣಿಕರಲ್ಲಿ ಹೆಚ್ಚಿನವರು ಇಲ್ಲಿ ಇಳಿಯುವುದು ದೋಸೆಗಾಗಿ ಎಂಬುದನ್ನು ಮುಚ್ಚಿಡುವುದು ಬೇಡ. ಹೊರಗೆ ಗರಿ, ಒಳಗೆ ಮೆತ್ತಗೆ, ಮೇಲೆ ತುಪ್ಪ. ಸಕ್ಕರೆ ಕಾಯಿಲೆಯವರು ಒಬ್ಬರಿಗೊಬ್ಬರು ಕಣ್ಣುಮಿಟುಕಿಸಿ ಎರಡನೆಯದನ್ನು ತರಿಸುವ ಸ್ಥಳ.

ಡಿ. ವಿ. ಗುಂಡಪ್ಪನವರು ಈ ಊರಿನಲ್ಲಿ 1887ರ ಮಾರ್ಚ್ 17ರಂದು ಹುಟ್ಟಿದರು. ಸಹಪಾಠಿಗಳ ಪ್ರಸಂಗದಲ್ಲಿ ಅವರ ಹೆಸರು ಬರುವುದು ವಿಚಿತ್ರವೆನಿಸಬಹುದು. ಏಕೆಂದರೆ ಅವರು ಕಾಲೇಜಿನ ಮೆಟ್ಟಿಲನ್ನೇ ಏರಿದವರಲ್ಲ. ಮೆಟ್ರಿಕ್ಯುಲೇಷನ್ ಕೈಕೊಟ್ಟಿತು; ಚಿನ್ನದ ಗಣಿಯ ಊರಿನ ಸೋಡಾ ಕಾರ್ಖಾನೆಯಲ್ಲಿ ದುಡಿದರು. ಅವರಿಗೆ ದೊರೆತ ಸಹಪಾಠಿಗಳು ಬದುಕಿನ ಪಾಠಶಾಲೆಯವರು. 1924ರಲ್ಲಿ ಪತ್ನಿ ಭಾಗೀರಥಮ್ಮನವರು ಬೆಂಕಿಯ ಅವಘಡದಲ್ಲಿ ತೀರಿಕೊಂಡಾಗ ಗುಂಡಪ್ಪನವರಿಗೆ 37 ವರ್ಷ. ಮಗ ಸ್ವಾಮಿ ಇನ್ನೂ ಪುಟ್ಟ ಬಾಲಕ. ಅವರೂ ಮರುಮದುವೆಯಾಗಲಿಲ್ಲ. ಹೊಸೂರಿನ ಕಡೆಯವರೊಬ್ಬರು, ಮುಳಬಾಗಿಲಿನವರೊಬ್ಬರು, ಒಂದು ದಿನದ ದಾರಿಯಷ್ಟು ದೂರದಲ್ಲಿ ಹುಟ್ಟಿದ ಇಬ್ಬರಿಗೂ ನಡುವಯಸ್ಸಿನ ಹೊಸ್ತಿಲಲ್ಲಿ ಒಂದೇ ಬಗೆಯ ಪೆಟ್ಟು. ಗುಂಡಪ್ಪನವರು ಪೆಟ್ಟನ್ನು ನುಂಗಿಕೊಂಡು ಬರೆದರು, ಮತ್ತು ಜನರನ್ನು ಕೂಡಿಸಿದರು. 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದಾಗ ಅವರಿಗೆ ಐವತ್ತೆಂಟರ ಹತ್ತಿರ. 1970ರಲ್ಲಿ ನಾಡು ಅವರಿಗೆ ಅರ್ಪಿಸಿದ ಒಂದು ಲಕ್ಷ ರೂಪಾಯಿಯನ್ನು ಅದೇ ಸಂಸ್ಥೆಗೆ ಕೊಟ್ಟುಬಿಟ್ಟರು. ‘ಜ್ಞಾಪಕ ಚಿತ್ರಶಾಲೆ’ಯ ಸಂಪುಟಗಳ ತುಂಬ ಇರುವುದು ಯಾರು? ಹೆಚ್ಚಾಗಿ ಇನ್ನೊಬ್ಬರು: ಹಿರಿಯರು, ಸ್ನೇಹಿತರು, ಊರಿನ ಸಾಮಾನ್ಯರು.

ಮುಳಬಾಗಿಲಿನ ಮಾತಿಗೆ ಹೆಂಗಸರ ವಿಷಯವನ್ನೂ ಸೇರಿಸಬೇಕು. ಇದುವರೆಗೆ ಹೇಳಿದ್ದೆಲ್ಲ ಗಂಡಸರ ಕತೆ. ಹೆಂಗಸರ ಸಹಪಾಠಿತನಕ್ಕೆ ಮದುವೆಯೆಂಬ ಕತ್ತರಿ ಬೀಳುತ್ತಿತ್ತು. ಪರೀಕ್ಷೆಯ ಫಲಿತಾಂಶದ ಜೊತೆಗೆ ಲಗ್ನಪತ್ರಿಕೆ, ಆಮೇಲೆ ಇನಿಷಿಯಲ್ ಬದಲಾಗಿ, ಊರು ಬದಲಾಗಿ, ಇಪ್ಪತ್ತೈದು ವರ್ಷ ಸುದ್ದಿಯೇ ಇಲ್ಲ. ಅಂಥವರು ಐವತ್ತರ ಅಂಚಿನಲ್ಲಿ, ಮಕ್ಕಳು ರೆಕ್ಕೆ ಬಲಿತು ಹಾರಿದ ಮೇಲೆ, ಹಳೆಯ ಗೆಳತಿಯರ ವಿಳಾಸವನ್ನು ತವರೂರಿನಲ್ಲಿ ಕೇಳುತ್ತಾರೆ. ಈಗ ಕೈಯಲ್ಲಿಯೇ ದೂರವಾಣಿ ಇರುವುದರಿಂದ ಹುಡುಕುವುದು ಸುಲಭವಾಗಿದೆ. ಆ ವಯಸ್ಸಿನಲ್ಲಿ ಹೆಣ್ಣಿನ ದೇಹದಲ್ಲಿ ಆಗುವ ಬದಲಾವಣೆಗಳು, ಕಾರಣವಿಲ್ಲದೆ ಬರುವ ಕಣ್ಣೀರು, ನಿದ್ದೆಯಿಲ್ಲದ ರಾತ್ರಿಗಳು ಇವನ್ನೆಲ್ಲ ಮನೆಯಲ್ಲಿ ಹೇಳಿಕೊಂಡರೆ ‘ನಿನಗೇನು ಕಡಿಮೆಯಾಗಿದೆ?’ ಎಂಬ ಪ್ರಶ್ನೆ ಬರುತ್ತದೆ. ಗೆಳತಿಯು ಆ ಪ್ರಶ್ನೆ ಕೇಳುವುದಿಲ್ಲ. ‘ನನಗೂ ಹಾಗೇ ಆಗಿತ್ತು’ ಎನ್ನುತ್ತಾಳೆ. ವೈದ್ಯರ ಬಳಿಗೆ ಹೋಗಲು ಸಂಕೋಚಪಡುವವಳ ಜೊತೆ ಬಸ್ಸು ಹತ್ತುತ್ತಾಳೆ. ವಿಧವೆಯಾದ ಗೆಳತಿಯ ಮನೆಗೆ ಹದಿಮೂರನೆಯ ದಿನ ಮುಗಿದು ನೆಂಟರೆಲ್ಲ ಹೊರಟ ಮೇಲೆ, ಹದಿನಾಲ್ಕನೆಯ ದಿನ ಹೋಗುತ್ತಾಳೆ. ಗಂಡಸರ ಬಳಗಗಳು ಈ ಹದಿನಾಲ್ಕನೆಯ ದಿನದ ಗುಟ್ಟನ್ನು ಇನ್ನೂ ಪೂರ್ತಿಯಾಗಿ ಕಲಿತಂತೆ ಕಾಣದು.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ 1938ರಲ್ಲಿ ಒಂದು ಅಧ್ಯಯನ ಆರಂಭವಾಯಿತು. ಕಾಲೇಜಿನ 268 ತರುಣರನ್ನು ಆರಿಸಿಕೊಂಡು, ಅವರ ದೇಹ, ಮನಸ್ಸು, ಸಂಸಾರ, ಉದ್ಯೋಗಗಳನ್ನು ಜೀವನದುದ್ದಕ್ಕೂ ಗಮನಿಸುತ್ತ ಬಂದರು. ಮುಂದೆ ಅಧ್ಯಕ್ಷರಾದ ಜಾನ್ ಕೆನಡಿಯವರೂ ಅವರಲ್ಲಿ ಒಬ್ಬರು. ಎಂಬತ್ತರ ವಯಸ್ಸಿನಲ್ಲಿ ಯಾರು ಆರೋಗ್ಯವಾಗಿದ್ದಾರೆಂದು ಹಿಂದಿರುಗಿ ನೋಡಿದಾಗ, ಐವತ್ತರ ವಯಸ್ಸಿನಲ್ಲಿ ಅವರ ರಕ್ತದ ಕೊಬ್ಬು ಎಷ್ಟಿತ್ತೆಂಬುದಕ್ಕಿಂತ, ಆಗ ಅವರ ನಂಟುಗಳು ಎಷ್ಟು ತೃಪ್ತಿಕರವಾಗಿದ್ದವೆಂಬುದೇ ಹೆಚ್ಚು ಸರಿಯಾದ ಸೂಚನೆಯಾಗಿ ಕಂಡಿತಂತೆ. ಅಂತರಗಂಗೆಯ ಮೆಟ್ಟಿಲಿನ ಮೇಲೆ ಕಡಲೆಕಾಯಿ ಬಿಡಿಸುತ್ತ ಕುಳಿತವರಿಗೆ ಈ ವಿಷಯ ಹೇಳಿದರೆ, ‘ಅದಕ್ಕೆ ಎಂಬತ್ತು ವರ್ಷ ಬೇಕಾಯಿತೇ?’ ಎಂದು ಕೇಳಿಯಾರು.

ಆದರೆ ಎಲ್ಲವೂ ಜೇನಲ್ಲ. ಬಳಗಗಳಲ್ಲಿ ಜಗಳಗಳಿವೆ. ಚುನಾವಣೆ ಬಂದರೆ ಮೂರು ತಿಂಗಳು ಮಾತಿಲ್ಲದವರಿದ್ದಾರೆ. ಬೆಂಗಳೂರಿನ ನೆರಳು ಬಿದ್ದು ಜಮೀನಿಗೆ ಬೆಲೆ ಬಂದ ಮೇಲೆ, ಗೆಳೆಯನ ಹೊಲವನ್ನು ಗೆಳೆಯನೇ ದಲ್ಲಾಳಿಯಾಗಿ ಮಾರಿಸಿ ಮನಸ್ಸು ಮುರಿದ ಕತೆಗಳು ನರಸಾಪುರದ ಸುತ್ತಮುತ್ತ ಬೇಕಾದಷ್ಟು. ಕೈಸಾಲ ಕೊಟ್ಟು ಸ್ನೇಹವನ್ನೂ ಹಣವನ್ನೂ ಒಟ್ಟಿಗೆ ಕಳೆದುಕೊಂಡವರಿದ್ದಾರೆ. ಇವೆಲ್ಲಕ್ಕಿಂತ ನೋವಿನದು, ಬಾರದೆ ಉಳಿಯುವವರದು. ತರಗತಿಯಲ್ಲಿ ಮೊದಲಿಗನಾಗಿದ್ದು, ಆಮೇಲೆ ಬದುಕಿನಲ್ಲಿ ಕಾಲುಜಾರಿದವನು ಸ್ನೇಹಸಮ್ಮೇಳನದ ದಿನ ಮನೆಯ ಬಾಗಿಲು ಹಾಕಿಕೊಳ್ಳುತ್ತಾನೆ. ಗುರುಗಳಿಗೆ ಶಾಲು ಹೊದಿಸಿ, ಗುಂಪಿನ ಚಿತ್ರ ತೆಗೆಸಿ, ಹೋಳಿಗೆ ಊಟ ಮಾಡಿ ಹೊರಟುಹೋಗುವ ಬಳಗಗಳೇ ಹೆಚ್ಚು. ಆ ಮುಚ್ಚಿದ ಬಾಗಿಲನ್ನು ತಟ್ಟಲು ಹೋಗುವ ಬಳಗಗಳು ಕಡಿಮೆ. ಅವುಗಳೇ ಬಹುಕಾಲ ಉಳಿಯುವುದು.

ತಟ್ಟುವ ಬಗೆಯಲ್ಲಿಯೂ ಈ ಸೀಮೆಯದೊಂದು ಮರ್ಯಾದೆಯಿದೆ. ಹಣವನ್ನು ಕೈಗೆ ಕೊಡುವುದಿಲ್ಲ. ಗೆಳೆಯರು ಸೇರಿ ತಿಂಗಳ ಚೀಟಿ ನಡೆಸುತ್ತಾರೆ. ಕಷ್ಟದಲ್ಲಿರುವವನನ್ನೂ ಸದಸ್ಯನನ್ನಾಗಿ ಮಾಡಿಕೊಳ್ಳುತ್ತಾರೆ. ಮೊದಲ ಚೀಟಿ ಕೂಗುವ ದಿನ ಆಶ್ಚರ್ಯಕರವಾಗಿ ಇನ್ನಾರಿಗೂ ಹಣದ ಅಗತ್ಯವಿರುವುದಿಲ್ಲ. ಸಾಲವೂ ಅಲ್ಲ, ದಾನವೂ ಅಲ್ಲ. ಅವನ ಸರದಿ ಬಂದಿದೆ, ಅಷ್ಟೆ.

ಶ್ರೀನಿವಾಸಪುರಕ್ಕೆ ಮೇ ತಿಂಗಳಿನಲ್ಲಿ ಹೋಗಬೇಕು. ಹಿಂದೆ ಪಾಪನಪಲ್ಲಿಯೆಂದಿದ್ದ ಊರಿಗೆ ದಿವಾನ್ ಪೂರ್ಣಯ್ಯನವರು ತಮ್ಮ ಮಗನ ಹೆಸರನ್ನಿಟ್ಟರೆಂದು ಹೇಳುತ್ತಾರೆ. ಕಿರುಹಳಿಯ ಪುಟ್ಟ ರೈಲು ಹೋಗಿ, 2013ರಲ್ಲಿ ಕೋಲಾರ ಚಿಕ್ಕಬಳ್ಳಾಪುರಗಳ ನಡುವೆ ದೊಡ್ಡ ಹಳಿ ಬಂದಾಗ ಈ ಊರೂ ಅದರ ಮೇಲೆ ನಿಂತಿತು. ಆದರೆ ಶ್ರೀನಿವಾಸಪುರವೆಂದರೆ ಮಾವು. ಕಣ್ಣು ಹಾಯುವವರೆಗೂ ತೋಪುಗಳು. ರಸಪುರಿ, ಬಾದಾಮಿ, ಬೇನಿಷಾ, ಮಲಗೋವ, ಮಲ್ಲಿಕಾ. ಎಲ್ಲಕ್ಕಿಂತ ಹೆಚ್ಚಾಗಿ ಗಿಣಿಮೂತಿಯ ತೋತಾಪುರಿ. ತೋಟದವನ ಮುಖ ನೋಡಿದರೆ ಆ ವರ್ಷದ ಬೆಲೆ ತಿಳಿಯುತ್ತದೆ. ತೋತಾಪುರಿಯನ್ನು ಕೊಳ್ಳುವ ತಿರುಳಿನ ಕಾರ್ಖಾನೆಗಳು ಹೆಚ್ಚಾಗಿ ಗಡಿಯಾಚೆಯ ಚಿತ್ತೂರು ಜಿಲ್ಲೆಯಲ್ಲಿವೆ. 2025ರ ಜೂನ್ ತಿಂಗಳಿನಲ್ಲಿ ಅಲ್ಲಿನ ಜಿಲ್ಲಾಡಳಿತವು ಹೊರರಾಜ್ಯದ ತೋತಾಪುರಿ ಬರಕೂಡದೆಂದು ತಡೆದಾಗ ಇಲ್ಲಿನ ಬೆಳೆಗಾರರು ಕಂಗೆಟ್ಟರು. ಟೊಮೇಟೊವಿನ ಕತೆಯೂ ಇದೇ: 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋಗ್ರಾಂನ ಪೆಟ್ಟಿಗೆ ಎರಡು ಸಾವಿರ ರೂಪಾಯಿಯನ್ನು ದಾಟಿತು, ಇನ್ನೊಂದು ಕಾಲದಲ್ಲಿ ಅದೇ ಹಣ್ಣು ರಸ್ತೆಯ ಪಕ್ಕದಲ್ಲಿ ರಾಶಿ.

ನೀರಿನ ಮಾತು ಇನ್ನೂ ಕಹಿ. ಕೊಳವೆಬಾವಿಗಳು ಸಾವಿರ ಅಡಿ ದಾಟಿ ಇಳಿದವು. ಒಂದು ಬಾವಿ ವಿಫಲವಾದರೆ ಇನ್ನೊಂದು, ಅದಕ್ಕೊಂದು ಸಾಲ. ಐವತ್ತರ ವಯಸ್ಸಿನ ರೈತನಿಗೆ ಇದು ಕೂದಲು ನರೆಯುವುದಕ್ಕಿಂತ ದೊಡ್ಡ ಬದಲಾವಣೆ. 2018ರ ಜೂನ್ ತಿಂಗಳಿನಿಂದ ಬೆಂಗಳೂರಿನ ಕೋರಮಂಗಲ ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ಜಿಲ್ಲೆಯ ಕೆರೆಗಳಿಗೆ ಹರಿಸತೊಡಗಿದರು. ಲಕ್ಷ್ಮೀಸಾಗರದ ಕೆರೆಗೆ ಮೊದಲು ನೀರು ಬಂದಿತು; ಒಣಗಿ ಬಿರಿದಿದ್ದ ಕೆರೆಗಳು ತುಂಬಿದವು. ಆ ನೀರು ಎಷ್ಟು ಶುದ್ಧ, ಅದರಿಂದ ಮಣ್ಣಿಗೇನಾದೀತು ಎಂಬ ವಾದ ಮುಗಿದಿಲ್ಲ. ಒಂದೇ ತರಗತಿಯಲ್ಲಿ ರಸಾಯನಶಾಸ್ತ್ರ ಓದಿದ ಇಬ್ಬರು, ಒಬ್ಬ ಮೇಷ್ಟರು ಒಬ್ಬ ರೈತ, ಈ ನೀರಿನ ವಿಷಯದಲ್ಲಿ ಗಂಟೆಗಟ್ಟಲೆ ವಾದಿಸುವುದನ್ನು ಶ್ರೀನಿವಾಸಪುರದ ಚಹದ ಅಂಗಡಿಗಳಲ್ಲಿ ಕೇಳಬಹುದು. ಮೇಷ್ಟರಿಗೆ ಸೂತ್ರಗಳು ನೆನಪಿವೆ. ರೈತನಿಗೆ ಬಾವಿಯ ಆಳ ನೆನಪಿದೆ. ವಾದದ ಕೊನೆಗೆ ಚಹದ ಹಣವನ್ನು ಯಾರು ಕೊಡಬೇಕೆಂಬುದು ಬೇರೆಯೇ ವಾದ.

ಬೆಲೆ ಬಿದ್ದ ವರ್ಷಗಳಲ್ಲಿ ತೋಟದವನ ನೆರವಿಗೆ ನಿಲ್ಲುವವರಲ್ಲಿ ಹಳೆಯ ಸಹಪಾಠಿಗಳೂ ಉಂಟು. ಬೆಂಗಳೂರಿನ ಬಡಾವಣೆಗಳಲ್ಲಿ ನೆಲೆಸಿದವರು ತಮ್ಮ ಬೀದಿಯ ಹತ್ತು ಮನೆಗಳಿಂದ ಹಣ್ಣಿಗೆ ಮುಂಗಡ ಹೇಳಿಸಿಕೊಡುತ್ತಾರೆ. ಹಣ್ಣು ರೈಲಿನಲ್ಲಿಯೋ ಬಾಡಿಗೆ ಟೆಂಪೋದಲ್ಲಿಯೋ ಹೋಗುತ್ತದೆ. ಲೆಕ್ಕ ನೋಡಿದರೆ ಅದರಿಂದ ಹುಟ್ಟುವ ಹಣ ಸಾಲದ ಬಡ್ಡಿಗೂ ಸಾಲದು. ಆದರೂ ಆ ವಾರ ತೋಟದ ಗುಡಿಸಿಲಿನ ಮುಂದೆ ಮೂರು ನಾಲ್ಕು ಮಂದಿ ನಡುವಯಸ್ಸಿನವರು ಪಂಚೆ ಮೇಲೆ ಕಟ್ಟಿಕೊಂಡು ಹುಲ್ಲು ಹಾಸಿ ಹಣ್ಣನ್ನು ಪೆಟ್ಟಿಗೆಗಳಿಗೆ ತುಂಬುತ್ತಿರುತ್ತಾರೆ. ಬ್ಯಾಂಕಿನವರು ಎಣಿಸುತ್ತಾರೆ, ವಕೀಲರು ಎಣಿಕೆ ತಪ್ಪೆನ್ನುತ್ತಾರೆ. ಮುಖ್ಯೋಪಾಧ್ಯಾಯರು ಪೆಟ್ಟಿಗೆಗಳ ಮೇಲೆ ದುಂಡಗಿನ ಅಕ್ಷರದಲ್ಲಿ ವಿಳಾಸ ಬರೆಯುತ್ತಾರೆ. ಮಳೆಯ ಮೋಡ ಕಟ್ಟಿದೆ. ಕತ್ತಲಾಗುವುದರೊಳಗೆ ಗಾಡಿ ತುಂಬಬೇಕು. ‘ಲೇ, ನಿನ್ನ ಸೊಂಟ ಸರಿಯಿಲ್ಲ, ಬಗ್ಗಬೇಡ’ ಎಂದು ಒಬ್ಬ ಗದರಿಕೊಳ್ಳುತ್ತಾನೆ. ಇನ್ನೊಬ್ಬ ಕೇಳಿಸದವನಂತೆ ಬಗ್ಗಿ ಮುಂದಿನ ಪೆಟ್ಟಿಗೆಯನ್ನು ಎತ್ತುತ್ತಾನೆ.